ಬಕೆಟ್ಟು, ಪೈಪು, ತೊಟ್ಟೆ: ಮನೆಯ ಪ್ಲಾಸ್ಟಿಕ್ಕನ್ನು ಅದರ ಸರಪಳಿಯಿಂದ ಗುರುತಿಸುವುದು ಹೇಗೆ

ಮೂರು ವರ್ಷದ ಹಿಂದೆ ನಮ್ಮ ಮನೆ ತಾರಸಿಗೆ ಸೋಲಾರ್ ಹಾಕಿಸಿದೆವು. ಪ್ಲಂಬರ್ ಬಂದ, ಪೈಪು ಎಳೆದ, ದುಡ್ಡು ತೆಗೆದುಕೊಂಡು ಹೋದ. ಮೊದಲ ಬೇಸಿಗೆ ಮುಗಿಯುವ ಹೊತ್ತಿಗೆ ಬಿಸಿನೀರಿನ ಪೈಪು ಒಂದು ಕ್ಲ್ಯಾಂಪಿನಿಂದ ಇನ್ನೊಂದು ಕ್ಲ್ಯಾಂಪಿಗೆ ಬಟ್ಟೆ ಒಣಹಾಕುವ ಹಗ್ಗದ ಹಾಗೆ ಜೋತುಬಿದ್ದಿತ್ತು. ಮೂಲೆಯಲ್ಲಿ ಬಿದ್ದಿದ್ದ ತುಂಡು ಎತ್ತಿ ಅದರ ಮೇಲಿನ ಅಕ್ಷರ ಓದಿದರೆ ಮಾಮೂಲಿ ಪಿವಿಸಿ. ಹಾಕಬೇಕಿದ್ದದ್ದು ಸಿಪಿವಿಸಿ. ಒಂದೇ ಅಕ್ಷರ ಕಮ್ಮಿ, ಅಷ್ಟೇ.

ಆ ಒಂದು ಅಕ್ಷರ ಕ್ಲೋರಿನ್ನಿನ ಲೆಕ್ಕ. ಪಿವಿಸಿಯ ಅಣು ಅಂದರೆ ಪುಟ್ಟ ಪುಟ್ಟ ಕೊಂಡಿಗಳನ್ನು ಪೋಣಿಸಿದ ಉದ್ದನೆಯ ಸರಪಳಿ. ಅದರ ತೂಕದಲ್ಲಿ ನೂರಕ್ಕೆ ಸುಮಾರು 57 ಪಾಲು ಕ್ಲೋರಿನ್. ಅದಕ್ಕೆ ಇನ್ನಷ್ಟು ಕ್ಲೋರಿನ್ ಸೇರಿಸಿ 63ರಿಂದ 67ಕ್ಕೆ ಏರಿಸಿದರೆ ಸಿಪಿವಿಸಿ. ಕ್ಲೋರಿನ್ ದಪ್ಪ ಪರಮಾಣು. ಸರಪಳಿಯ ಉದ್ದಕ್ಕೂ ಜಾಸ್ತಿ ಕೂತಷ್ಟೂ ಸರಪಳಿಗೆ ಬಳುಕಲು, ತಿರುಗಲು ಜಾಗ ಇರುವುದಿಲ್ಲ. ಹಾಗಾಗಿ ಮಾಮೂಲಿ ಪಿವಿಸಿ 80 ಡಿಗ್ರಿ ಹತ್ತಿರ ಬರುತ್ತಿದ್ದಂತೆ ಮೆತ್ತಗಾದರೆ, ಸಿಪಿವಿಸಿ 90 ಡಿಗ್ರಿ ನೀರನ್ನೂ ತಡೆಯುತ್ತದೆ. ನಾನು ಪೀಣ್ಯದ ಒಂದು ಸಣ್ಣ ಮೌಲ್ಡಿಂಗ್ ಶೆಡ್ಡಿನಲ್ಲಿ ಎರಡು ವರ್ಷ ಕೆಲಸ ಮಾಡಿದವನು. ಇದೆಲ್ಲ ಗೊತ್ತಿದ್ದೂ ಪೈಪಿನ ಮೇಲಿನ ಅಕ್ಷರ ಓದದೆ ಸುಮ್ನೆ ಕಾಫಿ ಕುಡಿಯುತ್ತಾ ಕೂತಿದ್ದೆ. ಅದಕ್ಕೇ ಇದನ್ನು ಬರೆಯುತ್ತಿರುವುದು.

ಪ್ಲಾಸ್ಟಿಕ್ ಕೊಳ್ಳುವಾಗ ನಾವು ಸಾಮಾನ್ಯವಾಗಿ ಕೇಳುವುದು "ಗಟ್ಟಿ ಇದೆಯಾ?" ಅಂತ. ಆ ಪ್ರಶ್ನೆಯಿಂದ ಹೆಚ್ಚೇನೂ ಗೊತ್ತಾಗುವುದಿಲ್ಲ. ಪಾಲಿಮರ್ ಅಂದರೆ ಒಂದು ಪುಟ್ಟ ಅಣುವನ್ನು ಕೊಂಡಿ ಮಾಡಿಕೊಂಡು ಸಾವಿರಾರು ಸಲ ಪೋಣಿಸಿದ ಸರಪಳಿ. ಆ ಸರಪಳಿಯನ್ನು ನಾಲ್ಕು ಪ್ರಶ್ನೆ ಕೇಳಿ. ಎಷ್ಟು ಉದ್ದ ಇದ್ದೀಯ? ಕವಲು ಇದೆಯಾ? ಪಕ್ಕಕ್ಕೆ ಏನು ನೇತುಹಾಕಿಕೊಂಡಿದ್ದೀಯ? ಅಕ್ಕಪಕ್ಕದವರ ಜೊತೆ ಗಂಟು ಬಿದ್ದಿದೆಯಾ? ಯಾವ ವಸ್ತು ಯಾವ ಕೆಲಸಕ್ಕೆ ಅನ್ನುವುದು ಬಹುಪಾಲು ಇದರಲ್ಲೇ ಸಿಗುತ್ತದೆ. ಸರಪಳಿ ಕಣ್ಣಿಗೆ ಕಾಣುವುದಿಲ್ಲ, ನಿಜ. ಆದರೆ ಬಕೆಟ್ ನೀರು, ಉಪ್ಪು, ಫ್ರೀಜರ್ ಮತ್ತು ನಿಮ್ಮ ಬೆರಳು ಇದ್ದರೆ ಸಾಕು, ಅದೇ ಬಾಯಿಬಿಡುತ್ತದೆ.

ಅಂದಹಾಗೆ, ಇಂಥ ಉದ್ದ ಸರಪಳಿ ಇದೆ ಅನ್ನುವುದನ್ನೇ ಒಂದು ಕಾಲದಲ್ಲಿ ರಸಾಯನ ವಿಜ್ಞಾನಿಗಳು ಒಪ್ಪಿರಲಿಲ್ಲ. ರಬ್ಬರ್ ಅಂದರೆ ಸಣ್ಣ ಸಣ್ಣ ಅಣುಗಳ ಗುಂಪು ಅಂತಿದ್ದರು. ಜರ್ಮನಿಯ ಹರ್ಮನ್ ಸ್ಟೌಡಿಂಗರ್ 1920ರಲ್ಲಿ ಇಲ್ಲ, ಇದು ಒಂದೇ ಉದ್ದನೆಯ ಅಣು ಅಂತ ಬರೆದಾಗ ಬಹಳ ಜನ ನಂಬಲಿಲ್ಲ. ಅದೇ ಕೆಲಸಕ್ಕೆ ಅವರಿಗೆ ನೊಬೆಲ್ ಬಂದದ್ದು 1953ರಲ್ಲಿ.

ಮೊದಲು ಉದ್ದ: ಮೇಣದಬತ್ತಿ ಮತ್ತು ಹಾಲಿನ ಪ್ಯಾಕೆಟ್

ಅಡುಗೆ ಗ್ಯಾಸಿನ ಅಣುವಿನಲ್ಲಿ ಮೂರು ನಾಲ್ಕು ಇಂಗಾಲ ಇರುತ್ತವೆ. ಪೆಟ್ರೋಲಿನಲ್ಲಿ ಐದರಿಂದ ಹನ್ನೆರಡು. ಮೇಣದಬತ್ತಿಯಲ್ಲಿ ಇಪ್ಪತ್ತರಿಂದ ನಲವತ್ತು. ಹಾಲಿನ ಪ್ಯಾಕೆಟ್ಟಿನಲ್ಲಿ ಸಾವಿರಾರು. ಎಲ್ಲದರಲ್ಲೂ ಇರುವುದು ಅದೇ ಇಂಗಾಲ, ಅದೇ ಹೈಡ್ರೋಜನ್. ಉದ್ದ ಮಾತ್ರ ಬೇರೆ.

ಒಂದು ಮೇಣದಬತ್ತಿ ತೆಗೆದುಕೊಂಡು ಬಗ್ಗಿಸಿ. ಟಕ್ ಅಂತ ಮುರಿಯುತ್ತದೆ. ಹಾಲಿನ ಪ್ಯಾಕೆಟ್ ಬಗ್ಗಿಸಿ, ತಿರುಚಿ, ಹಿಂಡಿ, ಏನೂ ಆಗುವುದಿಲ್ಲ. ತಟ್ಟೆಯಲ್ಲಿ ಉದ್ದ ಶಾವಿಗೆ ಹಾಕಿ ಒಂದು ಎಳೆ ಎಳೆದರೆ ಅರ್ಧ ತಟ್ಟೆಯೇ ಎದ್ದು ಬರುತ್ತದಲ್ವಾ? ಅದೇ ಶಾವಿಗೆಯನ್ನು ಪುಡಿ ಮಾಡಿ ಹಾಕಿದ್ದರೆ ಯಾವುದೂ ಯಾವುದನ್ನೂ ಹಿಡಿದುಕೊಳ್ಳುವುದಿಲ್ಲ. ಮೇಣದ ಎಳೆ ಗಿಡ್ಡ, ಒಂದಕ್ಕೊಂದು ಸಿಕ್ಕಿಕೊಳ್ಳುವಷ್ಟು ಉದ್ದ ಇಲ್ಲ. ಹಾಲಿನ ಪ್ಯಾಕೆಟ್ಟಿನ ಪಾಲಿಥೀನ್ ಎಳೆ ಸಿಕ್ಕುಸಿಕ್ಕು.

ಹೀಗೇ ಉದ್ದ ಮಾಡುತ್ತಾ ಹೋಗಿ ಇಂಗಾಲದ ಸಂಖ್ಯೆ ಎರಡು ಲಕ್ಷ ದಾಟಿಸಿದರೆ ಸಿಗುವ ಪಾಲಿಥೀನನ್ನು ಡಾಕ್ಟರುಗಳು ಮಂಡಿ ಬದಲಾಯಿಸುವಾಗ ಕೀಲಿನ ನಡುವೆ ಕೂರಿಸುತ್ತಾರೆ. ಗುಂಡು ತಡೆಯುವ ಜಾಕೆಟ್ಟಿನ ನೂಲೂ ಅದರಿಂದಲೇ ಆಗುತ್ತದೆ. ತೊಟ್ಟೆಯೂ ಅದೇ, ಮಂಡಿಯೂ ಅದೇ. (ಮಂಗಳೂರು ಕಡೆಯವರಲ್ಲದವರಿಗೆ: ತೊಟ್ಟೆ ಅಂದರೆ ನಿಮ್ಮ ಕವರ್.)

ಆದರೆ ಉದ್ದ ಜಾಸ್ತಿ ಆದಷ್ಟೂ ಒಳ್ಳೆಯದು ಅಂದುಕೊಳ್ಳಬೇಡಿ. ಅಷ್ಟು ಉದ್ದದ್ದು ಕಾಯಿಸಿದರೂ ಹರಿಯುವುದಿಲ್ಲ, ಅಚ್ಚಿನೊಳಗೆ ಹೋಗುವುದಿಲ್ಲ. ಬಕೆಟ್ ಮಾಡುವವನಿಗೆ ಅದು ತಲೆನೋವು. ಹರಿಯುವಷ್ಟು ಗಿಡ್ಡ ಇರಬೇಕು, ಸಿಕ್ಕಿಕೊಳ್ಳುವಷ್ಟು ಉದ್ದ ಇರಬೇಕು. ನಮ್ಮ ಶೆಡ್ಡಿನಲ್ಲಿ ದಿನಾ ನಡೆಯುತ್ತಿದ್ದ ಜಗಳ ಇದೇ. ಒಂದೇ ಪ್ಲಾಸ್ಟಿಕ್ಕನ್ನು ಮತ್ತೆ ಮತ್ತೆ ಕರಗಿಸಿದರೆ ಸರಪಳಿ ಅಲ್ಲಲ್ಲಿ ತುಂಡಾಗುತ್ತದೆ. ನಾಲ್ಕೈದು ಸಲ ಕರಗಿಸಿದ ಮಾಲಿನ ಮಗ್ಗು ಕೈಜಾರಿದರೆ ಒಡೆಯುವುದು ಅದಕ್ಕೇ.

ಕವಲು: ಬಿದಿರು ಗಳವೋ, ಜಾಲಿ ಕೊಂಬೆಯೋ?

ಇದು ನನಗೆ ಬಹಳ ಇಷ್ಟವಾದ ಭಾಗ, ಸ್ವಲ್ಪ ಉದ್ದ ಆದರೆ ಬೇಜಾರಾಗಬೇಡಿ.

ಗಾಡಿಗೆ ಬಿದಿರು ಗಳ ತುಂಬಿಸಿ ನೋಡಿ. ಒಂದಕ್ಕೊಂದು ಅಂಟಿಕೊಂಡು ಒತ್ತಾಗಿ ಕೂರುತ್ತವೆ. ಅದೇ ಗಾಡಿಗೆ ಜಾಲಿ ಕೊಂಬೆ ತುಂಬಿಸಿದರೆ ಗಾಡಿ ತುಂಬಿದ ಹಾಗೆ ಕಾಣುತ್ತದೆ, ಆದರೆ ಒಳಗೆಲ್ಲ ಖಾಲಿ ಜಾಗ. ಕವಲಿಲ್ಲದ ಪಾಲಿಥೀನ್ ಬಿದಿರು, ಅದಕ್ಕೆ ಎಚ್‌ಡಿಪಿಇ ಅಂತ ಹೆಸರು. ಕವಲಿರುವುದು ಜಾಲಿ, ಅದು ಎಲ್‌ಡಿಪಿಇ. ಜಾಲಿಯಲ್ಲಿ ಸಾವಿರ ಇಂಗಾಲಕ್ಕೆ ಇಪ್ಪತ್ತು ಮೂವತ್ತು ಕವಲು ಇರುತ್ತವೆ. ಒತ್ತಾಗಿ ಸಾಲುಗಟ್ಟಿ ಕೂತ ಭಾಗವನ್ನು ಹರಳು ಅನ್ನುತ್ತಾರೆ. ಎಚ್‌ಡಿಪಿಇಯಲ್ಲಿ ಮುಕ್ಕಾಲು ಭಾಗದ ಆಸುಪಾಸು ಹರಳು, ಎಲ್‌ಡಿಪಿಇಯಲ್ಲಿ ಅರ್ಧದ ಆಸುಪಾಸು. ಹರಳು ಜಾಸ್ತಿ ಇದ್ದರೆ ಗಟ್ಟಿ, ಬಿಗಿ, ಮಬ್ಬು, ಕರಗುವ ಶಾಖ ಜಾಸ್ತಿ. ಕಮ್ಮಿ ಇದ್ದರೆ ಮೆತ್ತಗೆ, ತಿಳಿ, ಬೇಗ ಕರಗುತ್ತದೆ. ಎಲ್‌ಡಿಪಿಇ ಸುಮಾರು 110 ಡಿಗ್ರಿಗೆ ಕರಗಿದರೆ ಎಚ್‌ಡಿಪಿಇ 130ರ ಹತ್ತಿರ.

ಮೊದಲು ಹುಟ್ಟಿದ್ದು ಜಾಲಿ. 1933ರ ಮಾರ್ಚಿನಲ್ಲಿ ಇಂಗ್ಲೆಂಡಿನ ಐಸಿಐ ಕಂಪನಿಯಲ್ಲಿ ಎರಿಕ್ ಫಾಸೆಟ್ ಮತ್ತು ರೆಜಿನಾಲ್ಡ್ ಗಿಬ್ಸನ್ ಎಥಿಲೀನ್ ಅನಿಲವನ್ನು (ಪಾಲಿಥೀನ್ ಸರಪಳಿಯ ಕೊಂಡಿ ಇದೇ) ಭಯಂಕರ ಒತ್ತಡದಲ್ಲಿ ಇಟ್ಟು ಬೇರೇನೋ ಮಾಡಲು ಹೊರಟಿದ್ದರು. ಪಾತ್ರೆಯಲ್ಲಿ ಮೇಣದಂಥ ಬಿಳಿ ವಸ್ತು ಉಳಿಯಿತು. ಆ ಒತ್ತಡ, ಆ ಶಾಖದಲ್ಲಿ ಸರಪಳಿ ಎಲ್ಲೆಂದರಲ್ಲಿ ಕವಲೊಡೆಯುತ್ತದೆ. ಇಪ್ಪತ್ತು ವರ್ಷ ಆದಮೇಲೆ, 1953ರಲ್ಲಿ, ಜರ್ಮನಿಯ ಕಾರ್ಲ್ ಜೀಗ್ಲರ್ ಅಲ್ಯೂಮಿನಿಯಂ ಮತ್ತು ಟೈಟಾನಿಯಂ ಸೇರಿದ ವೇಗವರ್ಧಕ (ತಾನು ಖರ್ಚಾಗದೆ ರಾಸಾಯನಿಕ ಕ್ರಿಯೆಯನ್ನು ಚುರುಕು ಮಾಡುವ ವಸ್ತು) ಬಳಸಿ ಅಷ್ಟೆಲ್ಲ ಒತ್ತಡ ಇಲ್ಲದೆಯೇ ನೆಟ್ಟಗಿನ ಸರಪಳಿ ಮಾಡಿ ತೋರಿಸಿದರು. ಅದೇ ಬಿದಿರು.

ಈಗ ಕೈಯಲ್ಲಿ ನೋಡೋಣ.

ಕಿವಿಯಿಂದ ಶುರು ಮಾಡಿ. ತರಕಾರಿ ಅಂಗಡಿಯ ತೆಳು ಕವರ್ ಇನ್ನೂ ಎಲ್ಲಾದರೂ ಮನೆಯಲ್ಲಿ ಉಳಿದಿದ್ದರೆ ಮುಷ್ಟಿಯಲ್ಲಿ ಹಿಚುಕಿ. ಚರಪರ ಚರಪರ ಅಂದರೆ ಎಚ್‌ಡಿಪಿಇ. ಸದ್ದಿಲ್ಲದೆ ಬಟ್ಟೆಯ ಹಾಗೆ ಮುದುಡಿದರೆ ಎಲ್‌ಡಿಪಿಇ ಅಥವಾ ಅದರ ದಾಯಾದಿ. ಬಸ್ಸಿನಲ್ಲಿ ಪಕ್ಕದವರು ಚಕ್ಕುಲಿ ಕವರ್ ಬಿಚ್ಚಿದರೆ ನಾನು ಕಣ್ಣು ಮುಚ್ಚಿಕೊಂಡೇ ಹೇಳಬಲ್ಲೆ. ಇದರಿಂದ ಏನೂ ಲಾಭ ಇಲ್ಲ, ಆದರೂ.

ಆಮೇಲೆ ಬೆರಳು. ಹಾಲಿನ ಪ್ಯಾಕೆಟ್ ತೊಳೆದು ಒಣಗಿಸಿ, ಬೆರಳಗಲದ ಒಂದು ಪಟ್ಟಿ ಕತ್ತರಿಸಿ. ಅಂಚು ನುಣ್ಣಗಿರಲಿ, ಕಚ್ಚು ಬಿದ್ದಿದ್ದರೆ ಅಲ್ಲೇ ಹರಿದುಹೋಗುತ್ತದೆ. ಎರಡೂ ತುದಿ ಹಿಡಿದು ನಿಧಾನವಾಗಿ, ತುಂಬಾ ನಿಧಾನವಾಗಿ ಎಳೆಯಿರಿ. ಮೊದಲು ಬಿಗಿಯಾಗಿ ನಿಲ್ಲುತ್ತದೆ. ಆಮೇಲೆ ಒಂದು ಜಾಗದಲ್ಲಿ ಇದ್ದಕ್ಕಿದ್ದಂತೆ ಸೊಂಟ ಬರುತ್ತದೆ, ಆ ಸೊಂಟ ಎರಡೂ ಕಡೆಗೆ ಹರಡುತ್ತಾ ಹೋಗುತ್ತದೆ. ಪೂರ್ತಿ ಪಟ್ಟಿ ಸೊಂಟವೇ ಆದಮೇಲೆ ಎಳೆದು ನೋಡಿ, ಬೆರಳು ಕೊಯ್ಯುವಷ್ಟು ಗಟ್ಟಿ. ಅಡ್ಡಾದಿಡ್ಡಿ ಬಿದ್ದಿದ್ದ ಸರಪಳಿಗಳನ್ನು ನೀವು ಈಗ ಒಂದೇ ದಿಕ್ಕಿಗೆ ಬಾಚಿದ್ದೀರಿ. ಅದೇ ಪಟ್ಟಿಯನ್ನು ಅಡ್ಡಕ್ಕೆ ಸೀಳಿ ನೋಡಿದರೆ ಉದ್ದಕ್ಕೆ ಎಳೆಎಳೆಯಾಗಿ ಬಿಟ್ಟುಕೊಳ್ಳುತ್ತದೆ, ಬಾಚಿದ ಕೂದಲು ಬೇರೆಬೇರೆ ಆಗುವ ಹಾಗೆ.

ಗೊಬ್ಬರದ ಚೀಲದಲ್ಲಿ ಚಪ್ಪಟೆ ನೂಲು ಹೆಣೆದಿರುತ್ತಾರಲ್ಲ, ಅದೂ ಹೀಗೇ ಎಳೆದು ಬಾಚಿದ ಪ್ಲಾಸ್ಟಿಕ್ಕೇ. ಟಾರ್ಪಾಲ್ ಇನ್ನೂ ಜಾಣ. ಒಳಗೆ ಎಳೆದ ಎಚ್‌ಡಿಪಿಇ ಪಟ್ಟಿಯ ನೇಯ್ಗೆ, ಅದು ಬಲಕ್ಕೆ. ಮೇಲೆ ಕೆಳಗೆ ಎಲ್‌ಡಿಪಿಇ ಪದರ, ಅದು ನೀರು ತಡೆಯುವುದಕ್ಕೆ. ಬಿದಿರು ತಡಿಕೆ ಕಟ್ಟಿ ಮೇಲೆ ಸಗಣಿ ಸಾರಿಸಿದ ಹಾಗೆ. ಹಳೇ ಟಾರ್ಪಾಲ್ ಬಿಸಿಲಿಗೆ ಪುಡಿಪುಡಿ ಉದುರುವುದು ಬಿಸಿಲಿನ ನೇರಳಾತೀತ ಕಿರಣ ಸರಪಳಿಯನ್ನು ಕತ್ತರಿಸುವುದರಿಂದ. ಎಳೆ ಗಿಡ್ಡ ಆಯಿತು, ಮತ್ತೆ ಮೇಣದ ಕಥೆ. ತಾರಸಿ ಮೇಲಿನ ಕಪ್ಪು ನೀರಿನ ಟ್ಯಾಂಕು ಅಷ್ಟು ವರ್ಷ ಬಾಳುವುದಕ್ಕೆ ಕಾರಣ ಅದರೊಳಗಿನ ಕಾರ್ಬನ್ ಕಪ್ಪು, ಅಂದರೆ ಮಸಿಯಂಥ ಪುಡಿ. ಬೆಳಕನ್ನು ಮೇಲ್ಮೈಯಲ್ಲೇ ತಡೆದುಬಿಡುತ್ತದೆ.

ನೀರು, ಉಪ್ಪು, ಎಣ್ಣೆ

ಒತ್ತಾಗಿ ಕೂತಿದೆಯಾ, ಒಳಗೆ ಭಾರದ ಪರಮಾಣು ಇದೆಯಾ ಅನ್ನುವುದನ್ನು ನೀರೇ ಹೇಳುತ್ತದೆ. ಬೇರೆಬೇರೆ ವಸ್ತುಗಳಿಂದ ಉಗುರಿನಷ್ಟು ತುಂಡು ಕತ್ತರಿಸಿಟ್ಟುಕೊಳ್ಳಿ. ಒಂದು ಲೋಟ ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ಸೋಪು ಹಾಕಿ, ಇಲ್ಲದಿದ್ದರೆ ತೆಳು ತುಂಡುಗಳು ನೀರಿನ ಮೇಲ್ಮೈಗೆ ಅಂಟಿಕೊಂಡು ಸುಳ್ಳು ಹೇಳುತ್ತವೆ. ತುಂಡನ್ನು ಒಳಗೆ ಮುಳುಗಿಸಿ, ಗುಳ್ಳೆ ಬಿಡಿಸಿ, ಕೈ ಬಿಡಿ.

ತೇಲಿದರೆ ಪಾಲಿಥೀನ್ ಅಥವಾ ಪಾಲಿಪ್ರೊಪಿಲೀನ್ (ಮೈಕ್ರೋವೇವ್ ಡಬ್ಬಿಯ ಪ್ಲಾಸ್ಟಿಕ್). ಮುಳುಗಿದರೆ ಮಿಕ್ಕವು. ನೀರಿನ ಬಾಟಲಿಯ ಮುಚ್ಚಳ ತೇಲುತ್ತದೆ, ಬಾಟಲಿ ಮುಳುಗುತ್ತದೆ. ಗುಜರಿ ಮಾಲನ್ನು ಪುಡಿ ಮಾಡಿ ತೊಟ್ಟಿಗೆ ಸುರಿದು ಬೇರ್ಪಡಿಸುವುದೂ ಇದೇ ಲೆಕ್ಕದಲ್ಲಿ.

ಮುಳುಗಿದ್ದನ್ನು ಉಪ್ಪುನೀರಿಗೆ ಹಾಕಿ. ಲೋಟಕ್ಕೆ ನಾಲ್ಕೈದು ದೊಡ್ಡ ಚಮಚ ಉಪ್ಪು, ಇನ್ನು ಕರಗುವುದಿಲ್ಲ ಅನ್ನುವಷ್ಟು. ಪಾಲಿಸ್ಟೈರೀನ್ (ಹಳೇ ಕ್ಯಾಸೆಟ್ ಡಬ್ಬಿಯ ಪ್ಲಾಸ್ಟಿಕ್) ಮೇಲೆ ಬರುತ್ತದೆ, ಪಿವಿಸಿ ಮತ್ತು ನೀರಿನ ಬಾಟಲಿಯ ಪೆಟ್ ಕೆಳಗೇ ಇರುತ್ತವೆ. ತೇಲಿದ್ದನ್ನು ಕೊಬ್ಬರಿ ಎಣ್ಣೆಗೋ ಕಡಲೆಕಾಯಿ ಎಣ್ಣೆಗೋ ಹಾಕಿದರೆ ಎಚ್‌ಡಿಪಿಇ ಮುಳುಗುತ್ತದೆ, ಪಾಲಿಪ್ರೊಪಿಲೀನ್ ತೇಲುತ್ತದೆ ಅಥವಾ ಮುಳುಗಲೋ ಬೇಡವೋ ಅಂತ ನಡುವೆ ನಿಲ್ಲುತ್ತದೆ. ಎಲ್‌ಡಿಪಿಇಯನ್ನು ಎಣ್ಣೆಯಲ್ಲಿ ನಂಬಬೇಡಿ, ಎರಡರ ಸಾಂದ್ರತೆಯೂ ಹತ್ತಿರ ಹತ್ತಿರ ಇದೆ.

ಒಂದು ಸಲ ಮನೆಯ ಮುರಿದ ಪ್ಲಾಸ್ಟಿಕ್ ಕುರ್ಚಿಯ ತುಂಡು ಹಾಕಿದೆ. ಕುರ್ಚಿ ಅಂದರೆ ಸಾಮಾನ್ಯವಾಗಿ ಪಾಲಿಪ್ರೊಪಿಲೀನ್, ತೇಲಬೇಕು. ಕಲ್ಲಿನ ಹಾಗೆ ಮುಳುಗಿತು. ಒಳಗೆ ಸುಣ್ಣದಕಲ್ಲಿನ ಪುಡಿ, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್, ಚೆನ್ನಾಗಿ ಬೆರೆಸಿದ್ದರು. ಸ್ವಲ್ಪ ಬೆರೆಸುವುದು ಮೋಸ ಅಲ್ಲ, ಅದರಿಂದ ಕುರ್ಚಿ ಬಿಗಿಯಾಗುತ್ತದೆ. ಜಾಸ್ತಿ ಆದರೆ ಸರಪಳಿಗಿಂತ ಪುಡಿಯೇ ಹೆಚ್ಚಾಗಿ, ಮದುವೆ ಮನೆಯಲ್ಲಿ ದಪ್ಪನೆ ಮಾವನ ಕೆಳಗೆ ಕಾಲು ಅಗಲಿಸಿ ಮಲಗುತ್ತದೆ.

ಸುಟ್ಟು ವಾಸನೆ ನೋಡಿ ಗುರುತಿಸುವ ಪದ್ಧತಿಯೂ ಇದೆ. ದಯವಿಟ್ಟು ಮಾಡಬೇಡಿ. ಪಿವಿಸಿ ಸುಟ್ಟರೆ ಹೈಡ್ರೋಕ್ಲೋರಿಕ್ ಆಮ್ಲದ ಹೊಗೆ ಬರುತ್ತದೆ. ಅಡಿಯಲ್ಲಿ ಮೂರು ಬಾಣದ ನಡುವೆ ಅಂಕಿ ಇದ್ದರೆ ಅದನ್ನೇ ನೋಡಿ: 1 ಪೆಟ್, 2 ಎಚ್‌ಡಿಪಿಇ, 3 ಪಿವಿಸಿ, 4 ಎಲ್‌ಡಿಪಿಇ, 5 ಪಾಲಿಪ್ರೊಪಿಲೀನ್, 6 ಪಾಲಿಸ್ಟೈರೀನ್, 7 ಮಿಕ್ಕಿದ್ದೆಲ್ಲ. ಅಂಕಿ ಇಲ್ಲದ ಮಾಲೇ ಜಾಸ್ತಿ ಅನ್ನುವುದು ಬೇರೆ ಮಾತು.

ಪಕ್ಕದಲ್ಲಿ ನೇತಾಡುವುದು ಮತ್ತು ಚಿಕ್ಕಿ ಪಾಕ

ಪಾಲಿಥೀನಿನ ಪಕ್ಕಕ್ಕೆ ಬರೀ ಹೈಡ್ರೋಜನ್. ಎರಡು ಇಂಗಾಲಕ್ಕೊಂದರಂತೆ ಒಂದು ಪುಟ್ಟ ಮಿಥೈಲ್ ಗುಂಪು (ಒಂದು ಇಂಗಾಲ, ಮೂರು ಹೈಡ್ರೋಜನ್) ನೇತುಹಾಕಿ, ಪಾಲಿಪ್ರೊಪಿಲೀನ್ ಆಗುತ್ತದೆ. ಇಲ್ಲೊಂದು ತಮಾಷೆ ಇದೆ. ಆ ಗುಂಪುಗಳು ಎಡಕ್ಕೊಂದು ಬಲಕ್ಕೊಂದು ಮನಸ್ಸಿಗೆ ಬಂದ ಹಾಗೆ ಇದ್ದರೆ ಸಿಗುವುದು ಅಂಟಂಟು ಗೋಂದಿನಂಥ ವಸ್ತು. ಎಲ್ಲವೂ ಒಂದೇ ಕಡೆಗೆ ಇದ್ದರೆ ಸರಪಳಿಗಳು ಸುರುಳಿಯಾಗಿ ಸಾಲುಗಟ್ಟಿ ಕೂರುತ್ತವೆ, 160 ಡಿಗ್ರಿ ದಾಟುವವರೆಗೂ ಕರಗುವುದಿಲ್ಲ. 1954ರಲ್ಲಿ ಇಟಲಿಯ ಜೂಲಿಯೋ ನಟ್ಟಾ, ಜೀಗ್ಲರ್ ವೇಗವರ್ಧಕದ ದಾರಿಯಲ್ಲೇ ಹೋಗಿ ಹೀಗೆ ಒಂದೇ ಕಡೆಗೆ ಕೂರಿಸಿದರು. 1963ರ ನೊಬೆಲ್ ಇಬ್ಬರಿಗೂ ಸೇರಿ ಬಂತು. ಎರಡರ ಸೂತ್ರವೂ ಒಂದೇ, ಒಂದು ಗೋಂದು, ಇನ್ನೊಂದು ನಿಮ್ಮ ಮೈಕ್ರೋವೇವ್ ಡಬ್ಬಿ.

ಮಿಥೈಲ್ ಬದಲು ಬೆಂಜೀನ್ ಉಂಗುರ (ಆರು ಇಂಗಾಲದ ಬಳೆ) ನೇತುಹಾಕಿದರೆ ಪಾಲಿಸ್ಟೈರೀನ್. ಅಷ್ಟು ದಪ್ಪದ್ದನ್ನು ಅಡ್ಡಾದಿಡ್ಡಿ ಹೊತ್ತುಕೊಂಡ ಸರಪಳಿ ಸಾಲುಗಟ್ಟುವುದಿಲ್ಲ, ಅಲುಗಾಡುವುದೂ ಇಲ್ಲ. ಹರಳು ಇಲ್ಲ ಅಂದಮೇಲೆ ಬೆಳಕಿಗೆ ಅಡ್ಡಿ ಇಲ್ಲ, ಹಾಗಾಗಿ ಗಾಜಿನಷ್ಟು ತಿಳಿ. ಅಲುಗಾಟ ಇಲ್ಲ ಅಂದಮೇಲೆ ಪೆಟ್ಟು ತಡೆಯುವುದಿಲ್ಲ, ಹಾಗಾಗಿ ಗಾಜಿನಷ್ಟೇ ಬೇಗ ಒಡೆಯುತ್ತದೆ. ಹಳೇ ಕ್ಯಾಸೆಟ್ ಡಬ್ಬಿ ಬಿದ್ದು ಟಕ್ ಅಂದ ಸದ್ದು ನೆನಪಿದೆಯಾ? ಅದೇ ವಸ್ತುವನ್ನು ಒಳಗೆ ಅನಿಲ ಸೇರಿಸಿ ಉಬ್ಬಿಸಿದರೆ ಥರ್ಮಾಕೋಲ್.

ಈ ಅಲುಗಾಟ ಎಲ್ಲಿ ಶುರುವಾಗುತ್ತದೆ, ಎಲ್ಲಿ ನಿಲ್ಲುತ್ತದೆ ಅನ್ನುವುದೇ ಪ್ಲಾಸ್ಟಿಕ್ಕಿನ ಗುಟ್ಟು. ಕಡಲೆಕಾಯಿ ಚಿಕ್ಕಿಗೆ ಪಾಕ ಮಾಡಿದವರಿಗೆ ಇದು ಗೊತ್ತು. ಬಿಸಿ ಇದ್ದಾಗ ಹರಿಯುತ್ತದೆ, ಸ್ವಲ್ಪ ಆರಿದಾಗ ಎಳೆದರೆ ಎಳೆ ಬರುತ್ತದೆ, ಪೂರ್ತಿ ಆರಿದಮೇಲೆ ತಟ್ಟಿದರೆ ಚೂರು. ಆ ಕೊನೆಯ ಗೆರೆಯನ್ನು ಗಾಜಾಗುವ ಬಿಂದು ಅನ್ನೋಣ. ಪಾಲಿಸ್ಟೈರೀನಿಗೆ ಅದು ಸುಮಾರು 100 ಡಿಗ್ರಿ, ಅಂದರೆ ನಮ್ಮ ಮನೆಯ ಶಾಖದಲ್ಲಿ ಅದು ಯಾವಾಗಲೂ ಆರಿದ ಚಿಕ್ಕಿ. ಪಾಲಿಥೀನಿಗೆ ಸೊನ್ನೆಗಿಂತ ನೂರು ಡಿಗ್ರಿಗೂ ಕೆಳಗೆ. ಹಾಲಿನ ಪ್ಯಾಕೆಟ್ಟನ್ನು ಫ್ರೀಜರಿನಲ್ಲಿ ಮರೆತರೂ ಅದು ಬಿರುಕು ಬಿಡದೆ ಮೆತ್ತಗೇ ಇರುವುದು ಅದಕ್ಕೇ.

ಪಾಲಿಪ್ರೊಪಿಲೀನ್ ನಡುವೆ ಸಿಕ್ಕಿಕೊಂಡಿದೆ: ಸೊನ್ನೆಯ ಆಸುಪಾಸು. ಹಾಗಾಗಿ ಮೈಕ್ರೋವೇವಿಗೆ ಒಳ್ಳೆಯ ಡಬ್ಬಿ ಫ್ರೀಜರಿಗೆ ಒಳ್ಳೆಯದು ಅಂತ ಅಲ್ಲ. ಪಾರ್ಸೆಲ್ ತಂದ ತೆಳು ಡಬ್ಬಿಗೆ ಕಾಯಿತುರಿ ತುಂಬಿ ಫ್ರೀಜರಿನಲ್ಲಿಟ್ಟು, ಬೆಳಗ್ಗೆ ತೆಗೆಯುವಾಗ ಕೈಜಾರಿ ಬಿದ್ದರೆ ಮೂಲೆ ಚಟ್ ಅನ್ನುತ್ತದೆ. ಫ್ರೀಜರಿಗೆ ಅಂತಲೇ ಮಾಡುವ ಡಬ್ಬಿಗಳಲ್ಲಿ ಸರಪಳಿಯ ನಡುನಡುವೆ ಎಥಿಲೀನ್ ಕೊಂಡಿ ಸೇರಿಸಿರುತ್ತಾರೆ. ಬರೀ ಅಷ್ಟು ಸೇರಿಸಿದ್ದಕ್ಕೆ ಚಳಿ ತಡೆಯುತ್ತದೆ. ಕೊಳ್ಳುವಾಗ ಡಬ್ಬಿ ಮೇಲೆ ಫ್ರೀಜರ್ ಗುರುತು ಇದೆಯಾ ನೋಡಿ.

ಇನ್ನು ಪೆಟ್ ಬಾಟಲಿ. ಇದರ ಸರಪಳಿಯ ಬೆನ್ನೆಲುಬಿನಲ್ಲೇ ಬೆಂಜೀನ್ ಉಂಗುರ ಇದೆ, ಹಾಗಾಗಿ ಬಿಗಿ. ಕರಗುವುದು 250 ಡಿಗ್ರಿಗೆ, ಆದರೆ ಗಾಜಾಗುವ ಬಿಂದು 70-75ರ ಸುಮಾರು. ಆದ್ದರಿಂದ ಕುದಿಯುವ ನೀರು ಸುರಿದರೆ ಬಾಟಲಿ ಕರಗುವುದಿಲ್ಲ, ಮುದುಡುತ್ತದೆ. ಬೇಕಿದ್ದರೆ ಸಿಂಕಿನಲ್ಲಿಟ್ಟು ದೂರ ನಿಂತು ಒಂದು ಸಲ ನೋಡಿ. ಹೊಟ್ಟೆಯ ಭಾಗ ಕುಗ್ಗಿ ಸೊಟ್ಟಗಾಗುತ್ತದೆ, ದಾರ ಇರುವ ಕುತ್ತಿಗೆ ಹೆಚ್ಚುಕಡಿಮೆ ಹಾಗೇ ಇರುತ್ತದೆ. ಬಾಟಲಿ ಮೊದಲು ಟೆಸ್ಟ್ ಟ್ಯೂಬಿನಂಥ ದಪ್ಪ ಕೊಳವೆ. ಅದನ್ನು ಕಾಯಿಸಿ, ಒಳಗೆ ಗಾಳಿ ಊದಿ ಉಬ್ಬಿಸುತ್ತಾರೆ. ಹೊಟ್ಟೆಯ ಸರಪಳಿಗಳು ಎಳೆದು ಹಿಗ್ಗಿದ ಸ್ಥಿತಿಯಲ್ಲೇ ತಣ್ಣಗಾಗಿ ಸಿಕ್ಕಿಬಿದ್ದಿರುತ್ತವೆ. ಬಿಸಿ ತಾಗಿ ಅಲುಗಾಟ ಬಂದ ಕೂಡಲೇ ಮೊದಲಿನ ಹಾಗೆ ಮುದುಡಿಕೊಳ್ಳುತ್ತವೆ. ಕುತ್ತಿಗೆಯನ್ನು ಯಾರೂ ಊದಿರಲಿಲ್ಲ, ಅದಕ್ಕೆ ನೆನಪಿಟ್ಟುಕೊಳ್ಳಲು ಏನೂ ಇಲ್ಲ. ಇದೇ ಪೆಟ್ಟನ್ನು ನೂಲಾಗಿ ಎಳೆದರೆ ಪಾಲಿಯೆಸ್ಟರ್ ಸೀರೆ, ಅದಕ್ಕೆ ಜಾಸ್ತಿ ಬಿಸಿ ಇಸ್ತ್ರಿ ಇಟ್ಟರೆ ಮುದುಡುವ ಕಾರಣವೂ ಇದೇ.

ಪಿವಿಸಿ ಮಾತು ಶುರುವಿನಲ್ಲೇ ಬಂತು. ಅದರಲ್ಲಿ ಇನ್ನೊಂದು ಕೈಚಳಕ ಇದೆ. ಸರಪಳಿಯನ್ನು ಮುಟ್ಟದೆ, ನಡುವೆ ಎಣ್ಣೆಯಂಥ ಸಣ್ಣ ಅಣುಗಳನ್ನು ಸೇರಿಸುತ್ತಾರೆ, ಶಾವಿಗೆಗೆ ಎಣ್ಣೆ ಸವರಿದ ಹಾಗೆ. ಸರಪಳಿಗಳು ಜಾರುತ್ತವೆ, ಗಟ್ಟಿ ಪೈಪು ಹೋಗಿ ಮೆತ್ತನೆಯ ವೈರ್ ಹೊದಿಕೆ, ರೆಕ್ಸಿನ್, ರಕ್ತದ ಚೀಲ ಆಗುತ್ತದೆ. ಹಳೇ ಸ್ಕೂಟರಿನ ಸೀಟು ಬಿರುಕು ಬಿಡುವುದು ಆ ಎಣ್ಣೆ ವರ್ಷಗಟ್ಟಲೆ ನಿಧಾನವಾಗಿ ಹೊರಗೆ ಹೋಗುವುದರಿಂದ.

ಗಂಟು ಬಿದ್ದ ಸರಪಳಿ

ಇಲ್ಲಿಯವರೆಗೆ ಹೇಳಿದ್ದೆಲ್ಲ ಬಿಡಿ ಸರಪಳಿಗಳು. ಕಾಯಿಸಿದರೆ ಜಾರುತ್ತವೆ, ಕರಗುತ್ತವೆ, ಮತ್ತೆ ಅಚ್ಚು ಹಾಕಬಹುದು. ಒಂದಕ್ಕೊಂದು ಗಂಟು ಹಾಕಿಬಿಟ್ಟರೆ ಆಟವೇ ಬೇರೆ.

ಸುಳ್ಯ, ಪುತ್ತೂರು ಕಡೆ ರಬ್ಬರ್ ತೋಟದಲ್ಲಿ ಹಾಲಿಗೆ ಆಮ್ಲ ಹಾಕಿ ಹೆಪ್ಪು ಮಾಡಿ, ಒತ್ತಿ, ಶೀಟ್ ಒಣಹಾಕಿರುವುದನ್ನು ನೋಡಿರುತ್ತೀರಿ. ಅದರಲ್ಲಿ ಸರಪಳಿ ಇನ್ನೂ ಬಿಡಿ. ಬಿಸಿಗೆ ಅಂಟಾಗುತ್ತದೆ, ಚಳಿಗೆ ಬಿಗಿಯಾಗುತ್ತದೆ. 1839ರಲ್ಲಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ರಬ್ಬರಿಗೆ ಗಂಧಕ ಸೇರಿಸಿ ಕಾಯಿಸಿದರೆ ಈ ಕಾಟ ತಪ್ಪುತ್ತದೆ ಅಂತ ಕಂಡುಕೊಂಡರು. ಗಂಧಕ ಒಂದು ಸರಪಳಿಯಿಂದ ಇನ್ನೊಂದಕ್ಕೆ ಸೇತುವೆ ಕಟ್ಟುತ್ತದೆ. ನೂರಕ್ಕೆ ಎರಡು ಮೂರು ಪಾಲು ಗಂಧಕ ಸೇರಿಸಿದರೆ ರಬ್ಬರ್ ಬ್ಯಾಂಡಿನಂಥ ಮೆತ್ತನೆ ರಬ್ಬರ್. ಮೂವತ್ತರ ಹತ್ತಿರ ಸೇರಿಸಿದರೆ ಎಬೊನೈಟ್, ಇಂಕ್ ಪೆನ್ನಿನ ಕಪ್ಪು ಗಟ್ಟಿ ಮೈ. ಮಾಲು ಅದೇ, ಗಂಟಿನ ಲೆಕ್ಕ ಬೇರೆ.

ರಬ್ಬರ್ ಹಿಗ್ಗುವುದಕ್ಕೆ ಇನ್ನೊಂದು ಕಾರಣ ಅದರ ಬಾಗು. ಸರಪಳಿಯ ಪ್ರತಿ ಕೊಂಡಿಯೂ ಒಂದೇ ಪಕ್ಕಕ್ಕೆ ತಿರುಗಿರುವುದರಿಂದ ಅದು ಸೊಟ್ಟಸೊಟ್ಟ, ಸಾಲುಗಟ್ಟುವುದಿಲ್ಲ. ಅದೇ ಸೂತ್ರದ ಇನ್ನೊಂದು ಮರದ ಹಾಲು ಗಟ್ಟಾ ಪರ್ಚಾ. ಅದರಲ್ಲಿ ಕೊಂಡಿಗಳು ಅತ್ತ ಇತ್ತ ತಿರುಗಿ ಸರಪಳಿ ನೆಟ್ಟಗೆ ಬರುತ್ತದೆ, ಹರಳಾಗುತ್ತದೆ, ಗಟ್ಟಿ. ರೂಟ್ ಕೆನಾಲ್ ಮಾಡಿಸಿಕೊಂಡವರ ಹಲ್ಲಿನೊಳಗೆ ತುಂಬುವುದು ಸಾಮಾನ್ಯವಾಗಿ ಅದನ್ನೇ.

ಮಾಡಿ ನೋಡಿ: ಅಗಲವಾದ ರಬ್ಬರ್ ಬ್ಯಾಂಡ್ ಒಂದನ್ನು ಪಟ್ಟನೆ ಎಳೆದು ಕೂಡಲೇ ಮೇಲ್ದುಟಿಗೆ ತಾಗಿಸಿ. ಬೆಚ್ಚಗಿರುತ್ತದೆ. ಹಾಗೇ ಎಳೆದಿಟ್ಟು ಸ್ವಲ್ಪ ಹೊತ್ತು ಬಿಟ್ಟು, ಪಟ್ಟನೆ ಸಡಿಲಿಸಿ ಮತ್ತೆ ತಾಗಿಸಿ. ತಣ್ಣಗೆ. ಎಳೆದಾಗ ಮುದ್ದೆಯಾಗಿದ್ದ ಸರಪಳಿಗಳು ಸಾಲಿಗೆ ಬರುತ್ತವೆ, ಶಾಖ ಹೊರಗೆ ಬರುತ್ತದೆ. ಬಿಟ್ಟಾಗ ಮತ್ತೆ ಮುದ್ದೆಯಾಗಲು ಶಾಖ ಒಳಗೆ ಎಳೆದುಕೊಳ್ಳುತ್ತವೆ. ಬ್ಯಾಂಡಿಗೆ ಬೀಗ ಒಂದನ್ನು ನೇತುಹಾಕಿ ಹೇರ್ ಡ್ರೈಯರ್ ಬಿಸಿಗಾಳಿ ಬಿಟ್ಟರೆ ಬೀಗ ಕೆಳಗೆ ಇಳಿಯುವುದಿಲ್ಲ, ಸ್ವಲ್ಪ ಮೇಲೆ ಏರುತ್ತದೆ. ಮಕ್ಕಳ ಜೊತೆ ಮಾಡಿದರೆ ನಿಮಗೂ ಮಜಾ.

ಮಗುವಿನ ಡೈಪರಿನೊಳಗಿನ ಪುಡಿಯೂ ಗಂಟು ಬಿದ್ದ ಸರಪಳಿಯೇ. ಗಂಟು ಬಹಳ ಕಮ್ಮಿ, ಹಾಗಾಗಿ ನೀರು ಕುಡಿದು ತನ್ನ ತೂಕದ ನೂರಾರು ಪಟ್ಟು ಊದಿಕೊಳ್ಳುತ್ತದೆ, ಆದರೆ ಗಂಟು ಇರುವುದರಿಂದ ಕರಗಿ ಹೋಗುವುದಿಲ್ಲ. ಊದಿದ ಆ ಜೆಲ್ಲಿಗೆ ಉಪ್ಪು ಹಾಕಿ ಕಲಸಿ, ನೀರು ಬಿಟ್ಟುಕೊಂಡು ಕುಸಿಯುತ್ತದೆ.

ಗಂಟು ಇನ್ನೊಂದು ತುದಿಗೆ ಹೋದರೆ ಬೇಕಲೈಟ್. ಲಿಯೋ ಬೇಕ್‌ಲ್ಯಾಂಡ್ 1907ರಲ್ಲಿ ಫಿನಾಲ್ ಮತ್ತು ಫಾರ್ಮಾಲ್ಡಿಹೈಡ್ ಸೇರಿಸಿ ಮಾಡಿದ್ದು. ಎಲ್ಲ ದಿಕ್ಕಿಗೂ ಗಂಟು, ಇಡೀ ತುಂಡೇ ಒಂದು ಬಲೆ. ಒಂದು ಸಲ ಅಚ್ಚಿನಲ್ಲಿ ಗಟ್ಟಿಯಾದರೆ ಮುಗಿಯಿತು. ಎಷ್ಟು ಕಾಯಿಸಿದರೂ ಕರಗದು, ಕೊನೆಗೆ ಕರಕಲಾಗುತ್ತದೆ ಅಷ್ಟೇ. ಹಾಗಾಗಿ ಇದನ್ನು ಗುಜರಿಗೆ ಹಾಕಿದರೆ ಬಕೆಟ್ಟಿನ ಹಾಗೆ ಮರುಜನ್ಮ ಇಲ್ಲ. ಟೈರಿಗೂ ಅದೇ ಕಷ್ಟ.

ಕುಕ್ಕರ್ ಮುಚ್ಚಳ ಒಂದನ್ನು ಎತ್ತಿಕೊಳ್ಳಿ, ಇಷ್ಟು ಹೊತ್ತು ಹೇಳಿದ್ದರಲ್ಲಿ ಅರ್ಧ ಅಲ್ಲೇ ಇದೆ. ಹಿಡಿಕೆ ಬೇಕಲೈಟ್, ಅದಕ್ಕೆ ಪಾಲಿಪ್ರೊಪಿಲೀನ್ ಹಾಕಿದ್ದರೆ ಬೆಂಕಿಯ ಪಕ್ಕದಲ್ಲಿ ಜೋತುಬೀಳುತ್ತಿತ್ತು, ನಮ್ಮ ಪೈಪಿನ ಹಾಗೆ. ಗ್ಯಾಸ್ಕೆಟ್ ಮಿತವಾಗಿ ಗಂಟು ಹಾಕಿದ ರಬ್ಬರ್. ಒತ್ತಿದರೆ ಒತ್ತಿಸಿಕೊಳ್ಳಬೇಕು, ಬಿಟ್ಟರೆ ವಾಪಸ್ ಬರಬೇಕು. ವರ್ಷಗಟ್ಟಲೆ ಶಾಖ ತಿಂದು ಗಂಟುಗಳು ಜಾಸ್ತಿಯಾದರೆ ಅದು ಬಿಗಿಯಾಗಿ ಸಂದು ಬಿಡುತ್ತದೆ, ಪಕ್ಕದಿಂದ ಹಬೆ ಬರುತ್ತದೆ. ಬದಲಾಯಿಸುವ ಮುಂಚೆ ಹಳೆಯದನ್ನು ಬೆರಳಲ್ಲಿ ಬಗ್ಗಿಸಿ ಹೊಸದರ ಜೊತೆ ಹೋಲಿಸಿ ನೋಡಿ, ಗೊತ್ತಾಗುತ್ತದೆ.

ಒಳಗಿನ ಅನ್ನವೂ ಪಾಲಿಮರ್ರೇ. ಅಕ್ಕಿಯ ಪಿಷ್ಟದಲ್ಲಿ ಎರಡು ಥರ ಸರಪಳಿ ಇದೆ, ಕವಲಿಲ್ಲದ ಅಮೈಲೋಸ್ ಮತ್ತು ತುಂಬಾ ಕವಲಿರುವ ಅಮೈಲೋಪೆಕ್ಟಿನ್. ಬಿದಿರು ಮತ್ತು ಜಾಲಿ, ಮತ್ತೆ ಅದೇ. ಅಮೈಲೋಸ್ ಜಾಸ್ತಿ ಇರುವ ಅಕ್ಕಿ ಉದುರುದುರು, ಕಮ್ಮಿ ಇದ್ದರೆ ಅಂಟು. ಬಿಸಿ ಅನ್ನದಲ್ಲಿ ಸರಪಳಿಗಳು ನೀರು ಕುಡಿದು ಸಡಿಲವಾಗಿರುತ್ತವೆ. ರಾತ್ರಿಯೆಲ್ಲ ತಣ್ಣಗಾದಾಗ ನೆಟ್ಟಗಿನ ಅಮೈಲೋಸ್ ಮತ್ತೆ ಸಾಲುಗಟ್ಟಿ ಹರಳಾಗುತ್ತದೆ, ಅಗುಳು ಬಿಗಿಯಾಗುತ್ತದೆ. ಬಿಸಿ ಅನ್ನಕ್ಕೆ ಒಗ್ಗರಣೆ ಹಾಕಿ ಕಲಸಿದರೆ ಮುದ್ದೆ. ರಾತ್ರಿ ಉಳಿದ ಅನ್ನವನ್ನು ಫ್ರಿಜ್ಜಿನಲ್ಲಿಟ್ಟು ಬೆಳಗ್ಗೆ ಕೈಯಲ್ಲಿ ಬಿಡಿಸಿ, ಕಡಲೆಬೇಳೆ, ಹಸಿಮೆಣಸಿನಕಾಯಿ, ಅರಿಶಿನದ ಒಗ್ಗರಣೆಗೆ ಹಾಕಿ, ಉರಿ ಆರಿಸಿದಮೇಲೆ ನಿಂಬೆಹಣ್ಣು ಹಿಂಡಿ. ಚಿತ್ರಾನ್ನ ಬಿಡಿಬಿಡಿಯಾಗಿ ಬರುತ್ತದೆ.